ಹಳೆ ಲಾರಿಗೆ ಮೊದಲ ಖರ್ಚು ಬ್ರೇಕಿನದ್ದಾಗಲಿ

ಎಂಜಿನ್ ಕೈಕೊಟ್ಟ ದಿನ ಲಾರಿ ರಸ್ತೆ ಬದಿಯಲ್ಲಿ ನಿಂತುಬಿಡುತ್ತದೆ. ಬಾಡಿಗೆ ತಪ್ಪುತ್ತದೆ, ಕಂತು ಕಟ್ಟುವ ದಿನ ಹತ್ತಿರ ಬರುತ್ತದೆ, ಮಾಲೀಕರು ಕೈಸಾಲ ಮಾಡಿಯಾದರೂ ಎಂಜಿನ್ ಬಿಚ್ಚಿಸಿ ಸರಿ ಮಾಡಿಸುತ್ತಾರೆ. ಬ್ರೇಕ್ ಲೈನರ್ ಸವೆದರೆ, ಪಾಟಾದ (ಲೀಫ್ ಸ್ಪ್ರಿಂಗಿನ) ಒಂದು ಬ್ಲೇಡು ಸೀಳಿದರೆ, ಕಿಂಗ್ ಪಿನ್ ಸಡಿಲವಾದರೆ ಹಾಗಾಗುವುದಿಲ್ಲ. ಲಾರಿ ಅಂದೂ ಓಡುತ್ತದೆ, ಮರುದಿನವೂ ಓಡುತ್ತದೆ, ಬಾಡಿಗೆ ತರುತ್ತಲೇ ಇರುತ್ತದೆ. ‘ಮುಂದಿನ ಟ್ರಿಪ್ಪಿಗೆ ನೋಡೋಣ’ ಎಂದು ಮುಂದಕ್ಕೆ ಹೋಗುವ ರಿಪೇರಿಗಳೆಲ್ಲ ಈ ಬಗೆಯವು. ಹದಿನೈದು, ಇಪ್ಪತ್ತು ವರ್ಷದ ಭಾರಿ ಲಾರಿಯೊಂದನ್ನು ನಂಬಿಕೊಂಡು ಸಂಸಾರ ನಡೆಸುವವರ ಬಗ್ಗೆ ನನಗೆ ಗೌರವವಿದೆ. ಅವರ ಖರ್ಚಿನ ಪಟ್ಟಿಯಲ್ಲಿ ಎಂಜಿನ್ ಯಾವಾಗಲೂ ಮೇಲೆ, ಬ್ರೇಕು ಯಾವಾಗಲೂ ಕೆಳಗೆ ಇರುವುದಷ್ಟೇ ನನ್ನ ತಕರಾರು.

ಈ ಲಾರಿಗಳು ಎಲ್ಲಿ ಓಡುತ್ತವೆ ಎಂಬುದನ್ನು ಮೊದಲು ನೋಡಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 12 ವರ್ಷ ದಾಟಿದ ಸಾಮಾನ್ಯ ಲಾರಿಗೆ, ಅಂದರೆ ನಾವು ಆರು ಚಕ್ರದ್ದು ಎನ್ನುವ ಗಾಡಿಗೆ, ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ಹತ್ತು ಚಕ್ರ, ಹನ್ನೆರಡು ಚಕ್ರದ ಗಾಡಿಗಳಿಗೆ ಈ ಮಿತಿ 15 ವರ್ಷ. ಆಮೇಲೆ ಅದು ರಾಜ್ಯದೊಳಗಿನ ಗಾಡಿ. ಅಷ್ಟು ಹೊತ್ತಿಗೆ ಮೊದಲ ಮಾಲೀಕರು ಅದನ್ನು ಮಾರಿರುತ್ತಾರೆ. ಎರಡನೆಯವರ, ಮೂರನೆಯವರ ಕೈಗೆ ಬಂದಿರುತ್ತದೆ. ಅನೇಕ ಸಲ ಆ ಮೂರನೆಯವರು ಬೇರೆ ಯಾರದೋ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ವರ್ಷಗಟ್ಟಲೆ ದುಡಿದು ಉಳಿಸಿದ ಹಣಕ್ಕೆ ಫೈನಾನ್ಸಿನ ಸಾಲ ಕೂಡಿಸಿ ಲಾರಿ ಕೊಂಡವರು. ಜಲ್ಲಿ, ಎಂ ಸ್ಯಾಂಡ್, ಇಟ್ಟಿಗೆ, ಸೈಜುಗಲ್ಲು, ಸೀಸನ್ ಬಂದಾಗ ಕಬ್ಬು, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್, ಇವು ಅವರ ಪಾಲಿನ ಬಾಡಿಗೆಗಳು.

ನಿಯಮದ ಉದ್ದೇಶ ಒಳ್ಳೆಯದೇ. ದೂರದ ಓಟಕ್ಕೆ ಹಳೆ ಗಾಡಿ ಬೇಡ ಎಂಬುದು ಸರಿಯಾದ ಮಾತು. ಆದರೆ ಅದರ ಇನ್ನೊಂದು ಪರಿಣಾಮವನ್ನು ಯಾರೂ ಗಮನಿಸಿದಂತಿಲ್ಲ. ಚಾಸಿ ಗಟ್ಟಿಯಿದ್ದಾಗ ನಾಲ್ಕು ಪಥದ ಹೆದ್ದಾರಿಯಲ್ಲಿ ಓಡಿದ ಲಾರಿ, ಚಾಸಿ ದಣಿದ ಮೇಲೆ ಕ್ವಾರಿಯ ಗುಂಡಿಗೆ ಇಳಿಯುತ್ತದೆ. ಗುಂಡಿಯೊಳಗಿನ ಏರುದಾರಿ, ಒಂದು ಬದಿಗೆ ವಾಲಿಕೊಂಡ ಲೋಡು, ಕಲ್ಲಿನ ಮೇಲೆ ಹತ್ತಿ ಇಳಿಯುವ ಚಕ್ರ. ಲಾರಿಯ ಬಾಳಿನ ಅತಿ ಕಷ್ಟದ ಕೆಲಸ ಅದರ ಮುಪ್ಪಿಗೇ ಬಂದು ಬೀಳುತ್ತದೆ. ಬಾಡಿಗೆಯೂ ಆಗಲೇ ತೀರ ಕಡಿಮೆ. ಟನ್ನಿನ ಲೆಕ್ಕದಲ್ಲಿ ಹಣ ಕೊಡುವ ಕಡೆ ಲೋಡು ತಾನಾಗಿ ಏರುತ್ತದೆ. ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿ ಮೊದಲು 16.2 ಟನ್ ಇತ್ತು, 2018ರಲ್ಲಿ ಕೇಂದ್ರ ಸರ್ಕಾರ ಅದನ್ನು 18.5 ಟನ್ನಿಗೆ ಏರಿಸಿತು. ಹೊಸ ಮಿತಿ ಬಂದಿತೆಂದು ಹಳೆ ಲಾರಿಯ ಪಾಟಾ, ಆ್ಯಕ್ಸಲ್, ಬ್ರೇಕ್ ಡ್ರಮ್‌ಗಳು ದೊಡ್ಡದಾಗಲಿಲ್ಲ. ಅವು ಹಳೆಯ ತೂಕಕ್ಕೆ ಮಾಡಿದವು.

ಇಷ್ಟಾದರೂ ಜನ ಹಳೆ ಲಾರಿ ಬಿಡುವುದಿಲ್ಲ. ಅದಕ್ಕೆ ಗಟ್ಟಿ ಕಾರಣವಿದೆ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜತೆ ಸೇರಿ ಲಾರಿ ಮಾಡತೊಡಗಿದ ಕಾಲದಿಂದ ನಮ್ಮ ಮೆಕ್ಯಾನಿಕ್‌ಗಳು ಒಂದೇ ವಂಶದ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಾ ಬಂದಿದ್ದಾರೆ. 1210, 1613, 2515 ಎಂಬ ಹೆಸರುಗಳೇ ಲಾರಿಯ ಜಾತಕ: ಮೊದಲೆರಡು ಅಂಕಿ ಒಟ್ಟು ತೂಕದ ಟನ್ನು, ಕೊನೆಯೆರಡು ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸರಿಸುಮಾರು ಅಶ್ವಶಕ್ತಿ. ಅತ್ತ ಅಶೋಕ್ ಲೇಲ್ಯಾಂಡಿನ ಕಾಮೆಟ್, ಟಾರಸ್. ಇವುಗಳಲ್ಲಿ ಬಹುಪಾಲು ಗಾಡಿಗಳು ನಮ್ಮವರು ‘ಪಂಪ್ ಗಾಡಿ’ ಎನ್ನುವಂಥವು. ಆರು ಸಿಲಿಂಡರಿಗೆ ಆರು ಎಲಿಮೆಂಟ್ ಇರುವ ಡೀಸೆಲ್ ಪಂಪು ಒಂದೊಂದು ನೋಜಲ್ಲಿಗೂ ಅಳೆದು ಡೀಸೆಲ್ ತಳ್ಳುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಈ ಪಂಪು, ನೋಜಲ್ಲುಗಳ ತವರು ನಮ್ಮ ಬೆಂಗಳೂರೇ. 1951ರಲ್ಲಿ ಶುರುವಾದ ಮೈಕೋ ಕಂಪನಿ, ಈಗಿನ ಬಾಷ್, ಆಡುಗೋಡಿಯಲ್ಲಿ ಇವನ್ನು ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು. ಜಿಲ್ಲಾ ಕೇಂದ್ರಗಳಲ್ಲಿ ಇಂದಿಗೂ ಪಂಪ್ ಕ್ಯಾಲಿಬ್ರೇಷನ್ ಮಾಡುವ ಅಂಗಡಿಗಳು ಸಿಗುತ್ತವೆ.

2017ರ ಏಪ್ರಿಲ್‌ನಿಂದ ದೇಶದ ಎಲ್ಲೆಡೆ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಲಾರಿಯ ಸ್ವಭಾವವೇ ಬದಲಾಯಿತು. ಹೊಗೆ ಕೊಳವೆಗೆ ಯೂರಿಯಾ ದ್ರಾವಣ ಚಿಮ್ಮಿಸಬೇಕು, ಮಸಿ ಹಿಡಿಯುವ ಫಿಲ್ಟರ್ ಬೇಕು, ಒಂದು ಸೆನ್ಸರ್ ಕೆಟ್ಟರೂ ಎಂಜಿನ್ ತಾನಾಗಿ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ರಿಪೇರಿಗೆ ಕಂಪನಿಯ ಸರ್ವಿಸ್ ಸೆಂಟರೇ ಗತಿ. ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮಾಲೀಕರಿಗೆ ಹಳೆಯದೇ ಆಪ್ತ ಎನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಊರಿನ ಗಾಳಿಯ ಲೆಕ್ಕವನ್ನೂ ಹೇಳಿಬಿಡಬೇಕು. 2000ದಲ್ಲಿ ಜಾರಿಗೆ ಬಂದ ಮೊದಲ ಮಟ್ಟದ ನಿಯಮದಲ್ಲಿ ಭಾರಿ ಡೀಸೆಲ್ ಎಂಜಿನ್ ಒಂದು ಯೂನಿಟ್ ಕೆಲಸಕ್ಕೆ 0.36 ಗ್ರಾಂ ಮಸಿ ಉಗುಳಬಹುದಿತ್ತು. ಇಂದಿನ ಮಿತಿ 0.01 ಗ್ರಾಂ. ಆ ಕಾಲದ ಲಾರಿ ಅಷ್ಟೇ ಕೆಲಸಕ್ಕೆ ಇಂದಿನ ಮೂವತ್ತಾರು ಲಾರಿಗಳಷ್ಟು ಮಸಿ ಬಿಡಬಹುದು, ಅದೂ ಅದರ ಪಂಪು ಸರಿಯಿದ್ದಾಗ. ಹಳೆ ಲಾರಿ ಇಟ್ಟುಕೊಳ್ಳುವವರು ಪಂಪು, ನೋಜಲ್‌ಗಳನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದು ಉಳಿದವರಿಗೆ ಸಲ್ಲಿಸಬೇಕಾದ ಕನಿಷ್ಠ ಋಣ.

ಸ್ವಂತಕ್ಕೂ ಅದು ಲಾಭವೇ. ಲೀಟರಿಗೆ ನಾಲ್ಕು ಕಿ.ಮೀ. ಕೊಡುತ್ತಿದ್ದ ಗಾಡಿ ಮೂರೂವರೆಗೆ ಇಳಿದಿದೆ ಎಂದುಕೊಳ್ಳಿ. ತಿಂಗಳಿಗೆ 4,000 ಕಿ.ಮೀ. ಓಡುವುದಾದರೆ 143 ಲೀಟರ್ ಡೀಸೆಲ್ ಹೆಚ್ಚಿಗೆ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ ಸುಮಾರು 13 ಸಾವಿರ ರೂಪಾಯಿ ಹೊಗೆಯಾಗಿ ಹೋಗುತ್ತದೆ. ಹೊಗೆಯ ಬಣ್ಣ ನೋಡಿಯೇ ಅನುಭವಸ್ಥರು ರೋಗ ಹೇಳುತ್ತಾರೆ. ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ: ನೋಜಲ್ ಸೋರುತ್ತಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಪಂಪು ಹೆಚ್ಚು ಕೊಡುತ್ತಿರಬಹುದು. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಟೈಮಿಂಗ್ ತಪ್ಪಿದೆ, ಇಲ್ಲವೇ ಕಂಪ್ರೆಷನ್ ಬಿದ್ದಿದೆ, ಅಥವಾ ಹೆಡ್ ಗ್ಯಾಸ್ಕೆಟ್ಟಿನಿಂದ ನೀರು ಒಳಗೆ ಹೋಗುತ್ತಿದೆ. ಎಳೆತ ಸಾಲದೆಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿಸುವ ಅಭ್ಯಾಸ ಬಹಳ ಕಡೆ ಇದೆ. ಒಂದೆರಡು ತಿಂಗಳು ಗಾಡಿ ಏರು ಚೆನ್ನಾಗಿ ಹತ್ತುತ್ತದೆ, ಆಮೇಲೆ ಪಿಸ್ಟನ್ ಸುಡುತ್ತದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯುವುದೂ ಅಂಥದ್ದೇ ನಿಧಾನ ವಿಷ. ಒಳಗೆಲ್ಲ ಉಪ್ಪು ಕಟ್ಟಿ ಎಂಜಿನ್ ಬಿಸಿಯಾಗುತ್ತದೆ. ಕೂಲೆಂಟ್ ದುಬಾರಿಯಲ್ಲ.

ಎಂಜಿನ್ ಬಗ್ಗೆ ಇಷ್ಟು ಸಾಕು, ಏಕೆಂದರೆ ಎಂಜಿನ್ನನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಬ್ರೇಕನ್ನು. ಅದರಲ್ಲೂ ಏರ್ ಬ್ರೇಕು ತನ್ನ ರೋಗವನ್ನು ಡ್ರೈವರ್ ಕಾಲಿಗೆ ತಿಳಿಸುವುದೇ ಇಲ್ಲ. ಕಾರಿನಲ್ಲಿ ಬ್ರೇಕು ಸವೆದರೆ ಪೆಡಲ್ ಆಳಕ್ಕೆ ಹೋಗಿ ಎಚ್ಚರಿಸುತ್ತದೆ. ಲಾರಿಯಲ್ಲಿ ಪೆಡಲ್ ಒತ್ತಿದರೆ ಒಂದು ವಾಲ್ವ್ ತೆರೆಯುತ್ತದೆ, ಅಷ್ಟೇ. ಗಾಳಿ ಓಡಿ ಹೋಗಿ ಚಕ್ರದ ಬಳಿಯ ಚೇಂಬರಿನ ರಬ್ಬರ್ ಡಯಾಫ್ರಾಂ ಅನ್ನು ತಳ್ಳುತ್ತದೆ, ಅದು ಪುಶ್ ರಾಡನ್ನು, ರಾಡು ಸ್ಲ್ಯಾಕ್ ಅಡ್ಜಸ್ಟರನ್ನು, ಅದು ಕ್ಯಾಮನ್ನು ತಿರುಗಿಸಿ, ಕ್ಯಾಮು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಲೈನರ್ ಸವೆದಂತೆಲ್ಲ ರಾಡು ಹೆಚ್ಚು ದೂರ ಹೋಗಬೇಕಾಗುತ್ತದೆ. ಆದರೆ ರಾಡಿನ ಓಟಕ್ಕೆ ಮಿತಿಯಿದೆ, ಹೆಚ್ಚೆಂದರೆ ಆರೇಳು ಸೆಂಟಿಮೀಟರ್. ಆ ಮಿತಿಗೆ ಬಂದು ನಿಂತರೂ ಪೆಡಲ್ಲಿನ ಕೆಳಗೆ ಡ್ರೈವರ್‌ಗೆ ಎಂದಿನ ಗಾಳಿಯೇ ಸಿಗುತ್ತದೆ. ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತದೆ.

ಹಾಗಾದರೆ ಅದು ಕೈಕೊಡುವುದು ಯಾವಾಗ? ಘಟ್ಟದಲ್ಲಿ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಲೋಡಿನೊಂದಿಗೆ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಡ್ರಮ್ ಕಾಯುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಬಯಲಿನಲ್ಲಿ ಹೇಗೋ ಮುಟ್ಟುತ್ತಿದ್ದ ಶೂ ಈಗ ಮುಟ್ಟುವುದಿಲ್ಲ, ರಾಡಿನ ಓಟ ಅಷ್ಟರಲ್ಲೇ ಮುಗಿದಿರುತ್ತದೆ. ಮುಟ್ಟಿದರೂ ಕಾದ ಲೈನರಿನ ಹಿಡಿತ ಅರ್ಧ ಹೋಗಿರುತ್ತದೆ. ‘ಬ್ರೇಕ್ ಫೇಲ್ ಆಗಿ ಲಾರಿ ಪಲ್ಟಿ’ ಎಂದು ಪತ್ರಿಕೆಗಳಲ್ಲಿ ಬರುವ ಸುದ್ದಿಗಳ ಹಿಂದೆ ಏನೋ ಒಂದು ಫಟ್ಟೆಂದು ಮುರಿದಿರಬೇಕು ಎಂದು ಓದುಗರು ಊಹಿಸುತ್ತಾರೆ. ಬಹಳ ಸಲ ಏನೂ ಮುರಿದಿರುವುದಿಲ್ಲ. ತಿಂಗಳುಗಳಿಂದ ಅಡ್ಜಸ್ಟ್ ಮಾಡದೆ ಬಿಟ್ಟ ಬ್ರೇಕು ಬಿಸಿಯಾಗಿರುತ್ತದೆ, ಅಷ್ಟೇ.

ಈ ಅಡ್ಜಸ್ಟ್‌ಮೆಂಟಿಗೆ ಬೇಕಾದುದು ಒಂದು ಸ್ಪ್ಯಾನರ್ ಮತ್ತು ಅರ್ಧ ಗಂಟೆ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ಇನ್ನೊಬ್ಬರು ಪ್ರತಿ ಚಕ್ರದ ಪುಶ್ ರಾಡ್ ಎಷ್ಟು ಹೊರಬಂತು ಎಂದು ನೋಡಲಿ. ಬಲ ಎಡ ಎರಡೂ ಒಂದೇ ಅಳತೆಯಲ್ಲಿರಬೇಕು. ಹೆಚ್ಚುಕಡಿಮೆಯಿದ್ದರೆ ಮಳೆಯಲ್ಲಿ ಲಾರಿ ಒಂದು ಬದಿಗೆ ಎಳೆಯುತ್ತದೆ. ಹಾಗೇ ಪೆಡಲ್ ಒತ್ತಿಟ್ಟು ಒಂದು ನಿಮಿಷ ಗೇಜಿನ ಮುಳ್ಳು ನೋಡಿ, ಕಿವಿಗೊಟ್ಟು ಕೇಳಿ. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಗಾಳಿ ಟ್ಯಾಂಕಿನ ಕೆಳಗಿನ ಡ್ರೈನ್ ವಾಲ್ವನ್ನು ದಿನಾ ಎಳೆಯಬೇಕು, ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದಲ್ಲಂತೂ ತಪ್ಪಿಸಲೇಬಾರದು. ನೀರು ಬಂದರೆ ಸಹಜ. ಜತೆಗೆ ಆಯಿಲ್ ಬಂದರೆ ಕಂಪ್ರೆಸರ್ ಸವೆದಿದೆ, ಆ ಆಯಿಲ್ ಮುಂದೆ ಹೋಗಿ ಡಯಾಫ್ರಾಂಗಳ ರಬ್ಬರನ್ನು ತಿನ್ನುತ್ತದೆ.

ಹಿಂಚಕ್ರದ ಚೇಂಬರಿನಲ್ಲಿ ಬಲವಾದ ಸ್ಪ್ರಿಂಗ್ ಒಂದಿರುತ್ತದೆ. ಗಾಳಿ ಹೋದರೆ ಆ ಸ್ಪ್ರಿಂಗ್ ತಾನಾಗಿ ಬ್ರೇಕ್ ಹಿಡಿಯುತ್ತದೆ. ಲಾರಿಯ ಕೊನೆಯ ರಕ್ಷಣೆ ಅದು. ಗಾಳಿ ಸೋರಿ ಗಾಡಿ ಜಾಮ್ ಆದಾಗ ಹಿಂದಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗನ್ನು ಕಟ್ಟಿಹಾಕಿ ಗಾಡಿ ಬಿಡಿಸಿಕೊಳ್ಳುವುದುಂಟು. ಹತ್ತಿರದ ಗ್ಯಾರೇಜಿನವರೆಗೆ ಅದು ಸರಿ. ಹಾಗೇ ಬಿಟ್ಟು ಲೋಡು ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಲ್ಲಿ ಅದು ಕೆಟ್ಟು ವರ್ಷಗಳಾಗಿದ್ದರೆ ರಿಪೇರಿ ಮಾಡಿಸಿ. ಘಟ್ಟ ಇಳಿಯುವಾಗ ಡ್ರಮ್ಮಿನ ಕೆಲಸವನ್ನು ಅದು ಹಂಚಿಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಸುವವರಿಗೆ ಎಂಜಿನ್ನಿನ ತಡೆ ಸಿಗುವುದಿಲ್ಲ. ಎಂಜಿನ್ ಆಫ್ ಮಾಡಿ ಇಳಿಸಿದರೆ ಗಾಳಿ ತುಂಬುವ ಕಂಪ್ರೆಸರ್ ನಿಂತುಹೋಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಕಲ್ಲಿನಂತಾಗುತ್ತದೆ. 2015ರಿಂದೀಚೆಗಿನ ಭಾರಿ ಲಾರಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯವುಗಳಲ್ಲಿ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳಬೇಕಾದವರು ಡ್ರೈವರೇ.

ಪಾಟಾ ವಿಷಯದಲ್ಲಿ ಒಂದು ಮಾತು. ಬ್ಲೇಡು ತುಂಡಾದಾಗ ಆ ಒಂದನ್ನೇ ಬದಲಿಸಿ ಓಡಿಸುವುದು ಎಲ್ಲರೂ ಮಾಡುವ ಕೆಲಸ. ಆದರೆ ಸೆಂಟರ್ ಬೋಲ್ಟು ಮತ್ತು ಯು ಬೋಲ್ಟುಗಳನ್ನು ಲೋಡ್ ಆದ ಮೇಲೆ ಇನ್ನೊಮ್ಮೆ ಬಿಗಿಯದಿದ್ದರೆ ಹೊಸ ಬ್ಲೇಡೂ ಉಳಿಯದು. ಸೆಂಟರ್ ಬೋಲ್ಟ್ ಕತ್ತರಿಸಿದರೆ ಆ್ಯಕ್ಸಲ್ಲೇ ಹಿಂದಕ್ಕೆ ಸರಿದು ಲಾರಿ ಓರೆಯಾಗಿ ಓಡುತ್ತದೆ. ಇನ್ನು ಚಾಸಿ: ಪಾಟಾದ ಬ್ರಾಕೆಟ್ಟುಗಳ ಸುತ್ತ, ರಿವೆಟ್ ತೂತುಗಳ ಬಳಿ ಕೂದಲೆಳೆಯಂಥ ಬಿರುಕು ಹುಡುಕಬೇಕು. ಬಣ್ಣ ಹೊಡೆಸುವ ಮುಂಚೆ ಹುಡುಕಬೇಕು, ಹೊಡೆಸಿದ ಮೇಲೆ ಕಾಣುವುದಿಲ್ಲ. ಚಾಸಿಯ ಮೇಲಂಚು, ಕೆಳಅಂಚುಗಳಿಗೆ ಡ್ರಿಲ್ ಹಾಕುವುದು, ಸಿಕ್ಕಲ್ಲಿ ವೆಲ್ಡಿಂಗ್ ಹೊಡೆಸುವುದು ಎರಡೂ ಅದನ್ನು ಇನ್ನಷ್ಟು ದುರ್ಬಲ ಮಾಡುತ್ತವೆ. ರಿಸೋಲ್ ಮಾಡಿದ ಟೈರು ಹಿಂಚಕ್ರಗಳಿಗೆ ನಡೆಯುತ್ತದೆ, ಮುಂದಿನೆರಡಕ್ಕೆ ಬೇಡ. ಹಿಂದಿನ ದೀಪಗಳೂ ರಿಫ್ಲೆಕ್ಟರ್ ಪಟ್ಟಿಯೂ ಇಲ್ಲದೆ ರಾತ್ರಿ ರಸ್ತೆ ಬದಿಯಲ್ಲಿ ನಿಂತ ಲಾರಿಗೆ ಬೈಕಿನ ಹುಡುಗರು ಬಂದು ಬಡಿದು ಸಾಯುತ್ತಾರೆ. ನೂರಿನ್ನೂರು ರೂಪಾಯಿಯ ಬಲ್ಬು ವೈರಿನ ಕೆಲಸ ಅದು.

ನೀರಿನ ಟ್ಯಾಂಕರ್ ಮಾಡಿಸುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಮುಂದಕ್ಕೂ ಹಿಂದಕ್ಕೂ ನುಗ್ಗುತ್ತದೆ. ಒಳಗೆ ಅಡ್ಡ ತಟ್ಟೆಗಳನ್ನು ಕೂರಿಸದಿದ್ದರೆ ಬ್ರೇಕ್ ಹಾಕಿದ ಕ್ಷಣ ಆ ನೀರೆಲ್ಲ ಲಾರಿಯನ್ನು ಮುಂದಕ್ಕೆ ದೂಡುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ದೂಡುತ್ತದೆ. ಹಳೆ ಚಾಸಿ, ತಟ್ಟೆಯಿಲ್ಲದ ಟ್ಯಾಂಕು, ಬಡಾವಣೆಯ ಕಿರಿದಾದ ರಸ್ತೆ, ಶಾಲೆಗೆ ಹೋಗುವ ಮಕ್ಕಳು. ಬೆಂಗಳೂರಿನಲ್ಲಿ ಬೇಸಿಗೆ ಬಂದಾಗಲೆಲ್ಲ ನನಗೆ ಇದರದ್ದೇ ಆತಂಕ.

ಹಳೆಯದನ್ನು ಕೊಳ್ಳುವವರು ಗಾಡಿ ಎಲ್ಲಿ ದುಡಿದಿದೆ ಎಂದು ವಿಚಾರಿಸಬೇಕು. ಅದಿರಿನ ಭರಾಟೆಯ ವರ್ಷಗಳಲ್ಲಿ ಬಳ್ಳಾರಿ, ಹೊಸಪೇಟೆ ಕಡೆಯಿಂದ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು, ಮಿತಿ ಮೀರಿದ ಲೋಡಿನೊಂದಿಗೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ಕೊಂಡಿದ್ದವರು ದಿಕ್ಕು ತೋಚದೆ ನಿಂತರು, ಸಿಕ್ಕ ಬೆಲೆಗೆ ಮಾರಿದರು. ಆ ತಲೆಮಾರಿನ ಗಾಡಿಗಳ ಚಾಸಿಯನ್ನು ಎರಡೆರಡು ಸಲ ನೋಡಬೇಕು. ಕ್ರ್ಯಾಂಕ್ ಎಷ್ಟನೇ ಸೈಜಿಗೆ ಬಂದಿದೆ ಎಂದು ಕೇಳಬೇಕು, 0.25 ಮಿ.ಮೀ. ಲೆಕ್ಕದಲ್ಲಿ ನಾಲ್ಕು ಸಲ ಗ್ರೈಂಡ್ ಆಗಿದ್ದರೆ ಸಾಮಾನ್ಯವಾಗಿ ಅದರ ಆಯುಸ್ಸು ಮುಗಿದ ಹಾಗೆ. ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳಲ್ಲಿ ಹಳೆ ಸ್ಪೇರ್ ಹುಡುಕುವಾಗ ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತೆಗೆದುಕೊಳ್ಳಿ, ಬೇರೆ ಬೇರೆ ಗಾಡಿಯವು ಹೊಂದುವುದಿಲ್ಲ. ಬ್ರೇಕಿನ ರಬ್ಬರ್ ಸಾಮಾನು ಮಾತ್ರ ಎಂದೂ ಸೆಕೆಂಡ್ ಹ್ಯಾಂಡ್ ಬೇಡ.

ಕಾಗದಪತ್ರದ ಅಸಡ್ಡೆ ಮನೆಯನ್ನೇ ಮುಳುಗಿಸಬಲ್ಲದು. ಫೈನಾನ್ಸ್ ತೀರಿದ ಮೇಲೆ ಫಾರಂ 35 ಕೊಟ್ಟು ಆರ್‌ಸಿಯಿಂದ ಫೈನಾನ್ಸ್ ಕಂಪನಿಯ ಹೆಸರು ತೆಗೆಸಬೇಕು. ಮಾರಿದಾಗ ಫಾರಂ 29, 30 ಸಲ್ಲಿಸಿ ಕೊಂಡವರ ಹೆಸರಿಗೆ ವರ್ಗಾಯಿಸಬೇಕು. ಸಹಿ ಮಾಡಿದ ಖಾಲಿ ಫಾರಂ ಕೈಯಿಂದ ಕೈಗೆ ದಾಟುವ ವ್ಯವಹಾರದಲ್ಲಿ ಸಿಕ್ಕಿಬೀಳುವವರು ಮಾರಿದವರು. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಪರ್ಮಿಟ್ ಇಲ್ಲದೆ ಓಡಿಸಿದ ಲಾರಿಯಿಂದ ಅಪಘಾತವಾದರೆ ವಿಮಾ ಕಂಪನಿ ನೊಂದವರಿಗೆ ಹಣ ಕೊಟ್ಟು ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು ಎಂಬುದೂ ಅದೇ ವರ್ಷದ ಇನ್ನೊಂದು ತೀರ್ಪು.

ಕೊನೆಯದಾಗಿ ಸರ್ಕಾರದ ವಿಚಾರ. ಲಾರಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಮಾಡಿಸಬೇಕು. 2021ರ ಗುಜರಿ ನೀತಿ ವಯಸ್ಸಿಗಿಂತ ಫಿಟ್‌ನೆಸ್ ಮುಖ್ಯ ಎಂದಿತು, ಅದು ಸರಿಯಾದ ದಾರಿ. ಅದೇ ವರ್ಷದ ಅಕ್ಟೋಬರಿನಲ್ಲಿ 15 ವರ್ಷ ದಾಟಿದ ವಾಹನಗಳ ಎಫ್‌ಸಿ ಶುಲ್ಕವನ್ನು ಹಲವು ಪಟ್ಟು ಏರಿಸುವ ನಿಯಮವೂ ಬಂತು. ಇದನ್ನು ನಾನು ಒಪ್ಪುವುದಿಲ್ಲ. ಶುಲ್ಕ ಏರಿಸಿದರೆ ಬ್ರೇಕು ಸರಿಯಿಟ್ಟುಕೊಂಡವರೂ ಇಟ್ಟುಕೊಳ್ಳದವರೂ ಒಂದೇ ದಂಡ ತೆರುತ್ತಾರೆ, ಆ ಹಣ ಲೈನರಿಗೆ ಹೋಗಬೇಕಾದ ಹಣ. ಪರೀಕ್ಷೆ ಬಿಗಿಯಾಗಲಿ, ಶುಲ್ಕ ಹಗುರವಾಗಲಿ. ಬ್ರೇಕನ್ನು ರೋಲರ್ ಮೇಲೆ ಅಳೆದು ನೋಡುವ ಸ್ವಯಂಚಾಲಿತ ಕೇಂದ್ರಗಳು ಪ್ರತಿ ಜಿಲ್ಲೆಗೂ ಬರಲಿ, ಅಲ್ಲಿ ಫೇಲಾದ ಗಾಡಿ ಯಾರ ಶಿಫಾರಸಿಗೂ ಪಾಸಾಗದಿರಲಿ. ಎಫ್‌ಸಿ ದಿನಕ್ಕೆ ಒಳ್ಳೆ ಟೈರು ಎರವಲು ತಂದು ಹಾಕಿ ಮರುದಿನ ಬಿಚ್ಚಿ ಕೊಡುವ ಪದ್ಧತಿಗೂ ತಡೆ ಬೀಳಲಿ. ಸಹಕಾರಿ ಬ್ಯಾಂಕುಗಳು ಲಾರಿ ಕೊಳ್ಳಲು ಕೊಡುವ ಸಾಲದ ಒಂದು ಸಣ್ಣ ಪಾಲನ್ನು ಬ್ರೇಕ್, ಸ್ಟೀರಿಂಗ್ ರಿಪೇರಿಗೆ ಕಡಿಮೆ ಬಡ್ಡಿಯಲ್ಲಿ ಕೊಟ್ಟರೆ ಅದಕ್ಕಿಂತ ಒಳ್ಳೆಯ ರಸ್ತೆ ಸುರಕ್ಷತಾ ಯೋಜನೆ ಇನ್ನೊಂದಿಲ್ಲ.

ಅದೆಲ್ಲ ಆಗುವುದು ಯಾವಾಗಲೋ. ಹಳೆ ಲಾರಿ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಎಫ್‌ಸಿವರೆಗೆ ಕಾಯಬೇಡಿ. ಈ ವಾರ ಒಂದು ಬಾಡಿಗೆ ಬಿಟ್ಟರೂ ಪರವಾಗಿಲ್ಲ, ಎಲ್ಲ ಚಕ್ರಗಳ ಡ್ರಮ್ ಬಿಚ್ಚಿಸಿ, ಲೈನರ್ ನೀವೇ ಕಣ್ಣಾರೆ ನೋಡಿ, ಬಲ ಎಡ ಸಮವಾಗಿ ಅಡ್ಜಸ್ಟ್ ಮಾಡಿಸಿಯೇ ಲೋಡಿಗೆ ಕಳಿಸಿ.